ಬೆಟ್ಟದ ನೀರಿಗೆ ಇಳಿಯುವ ಮುನ್ನ

ಬೆಟ್ಟಗಳ ನಡುವಿನ ನೀರನ್ನು ದೂರದಿಂದ ನೋಡಿದರೆ ಅದು ಸರೋವರವೋ, ಅಣೆಕಟ್ಟಿನ ಹಿನ್ನೀರೋ ಅಂತ ಗೊತ್ತಾಗುವುದಿಲ್ಲ. ಎರಡೂ ನೀಲಿ, ಎರಡರ ಸುತ್ತಲೂ ಗುಡ್ಡ. ಹತ್ತಿರ ಹೋದರೆ ದಡವೇ ಹೇಳುತ್ತದೆ. ಸರೋವರದಲ್ಲಿ ಹುಲ್ಲು, ಪೊದೆ ಸಾಮಾನ್ಯವಾಗಿ ನೀರಿನ ಅಂಚಿನವರೆಗೂ ಬೆಳೆದಿರುತ್ತವೆ. ಜಲಾಶಯದಲ್ಲಿ ನೀರಿಗೂ ಹಸಿರಿಗೂ ನಡುವೆ ಬೋಳು ಮಣ್ಣಿನ ಅಗಲವಾದ ಪಟ್ಟಿ ಕಾಣುತ್ತದೆ. ನೀರಿನ ಮಟ್ಟ ಏರಿ ಇಳಿಯುವ ಜಾಗ ಅದು. ಕೆಲವು ತಿಂಗಳು ಮುಳುಗಿ, ಕೆಲವು ತಿಂಗಳು ಒಣಗುವ ನೆಲದಲ್ಲಿ ಗಿಡ ಬೇರು ಬಿಡುವುದು ಕಷ್ಟ. ಈಜಲಿಕ್ಕೋ ದೋಣಿ ನಡೆಸಲಿಕ್ಕೋ ಸುಮ್ನೆ ದಡದಲ್ಲಿ ಕೂರಲಿಕ್ಕೋ ಹೋದವರು ಮೊದಲು ನೋಡಬೇಕಾದದ್ದು ಈ ಪಟ್ಟಿಯನ್ನು. ಸರೋವರದ ನೀರನ್ನು ಆಡಿಸುವುದು ಬಿಸಿಲು ಮತ್ತು ಗಾಳಿ. ಜಲಾಶಯದಲ್ಲಿ ಇವೆರಡರ ಜೊತೆ ಗೇಟು ಎತ್ತುವ ಕೈಯೂ ಇದೆ.

ಎತ್ತರದ ಬೆಟ್ಟಗಳ ಎಷ್ಟೋ ಸರೋವರಗಳು ಹಿಮನದಿ ಕೊರೆದ ಗುಂಡಿಗಳು. ಬೇರೆ ಬಗೆಯವೂ ಇವೆ. ಅಮೆರಿಕದ ಕ್ರೇಟರ್ ಲೇಕ್ ಸುಮಾರು 7,700 ವರ್ಷಗಳ ಹಿಂದೆ ಜ್ವಾಲಾಮುಖಿಯೊಂದು ಸಿಡಿದು ಕುಸಿದಾಗ ಉಂಟಾದ ಕುಳಿ. ಅದರ ಆಳ 594 ಮೀಟರ್. ತಜಿಕಿಸ್ತಾನದ ಸಾರೆಜ್ ಸರೋವರ ಹುಟ್ಟಿದ್ದು 1911ರ ಭೂಕಂಪದಲ್ಲಿ ಗುಡ್ಡ ಜರಿದು ನದಿಗೆ ಅಡ್ಡ ಬಿದ್ದದ್ದರಿಂದ. ಕೆನಡಾದ ಲೇಕ್ ಲೂಯಿಸ್‌ನ ಆ ಹಾಲುಬೆರೆತ ಹಸಿರುನೀಲಿ ಬಣ್ಣ ಹಿಮನದಿಯ ಕೊಡುಗೆ. ಹಿಮನದಿ ಬಂಡೆಯನ್ನು ಉಜ್ಜಿ ಉಜ್ಜಿ ಮಾಡಿದ ನುಣ್ಣನೆಯ ಕಲ್ಲುಪುಡಿ ತಳಕ್ಕಿಳಿಯದೆ ನೀರಿನಲ್ಲೇ ತೇಲುತ್ತಿರುತ್ತದೆ. ಬೆಳಕಿನ ಕೆಂಪು ಭಾಗವನ್ನು ನೀರು ಹೀರಿಕೊಳ್ಳುತ್ತದೆ, ಉಳಿದದ್ದನ್ನು ಈ ಪುಡಿ ಚದುರಿಸಿ ನಮ್ಮ ಕಣ್ಣಿಗೆ ಕಳಿಸುತ್ತದೆ.

ಪುಡಿ ಇಲ್ಲದ ಕಡೆ ನೀರು ಗಾಜಿನಷ್ಟು ತಿಳಿ. ಅಲ್ಲೇ ಕಣ್ಣು ಮೋಸಹೋಗುವುದು. ನೇರವಾಗಿ ಮೇಲಿನಿಂದ ನೋಡಿದರೆ ಮೂರು ಮೀಟರ್ ಅಂತ ಕಾಣುವ ತಳ ನಿಜಕ್ಕೂ ನಾಲ್ಕು ಮೀಟರ್ ಕೆಳಗಿರುತ್ತದೆ. ದಡದಿಂದ ಓರೆಯಾಗಿ ನೋಡಿದರೆ ಇನ್ನೂ ಹತ್ತಿರ ಕಾಣುತ್ತದೆ. ನೀರಿನಿಂದ ಹೊರಬರುವಾಗ ಬೆಳಕು ಬಾಗುವುದೇ ಇದಕ್ಕೆ ಕಾರಣ. 'ಇಲ್ಲಿ ಕಾಲು ಸಿಗುತ್ತದೆ' ಅಂದುಕೊಂಡು ಇಳಿದವರಿಗೆ ಕಾಲು ಸಿಗುವುದಿಲ್ಲ.

ಆದರೆ ಬೆಟ್ಟದ ನೀರಿನಲ್ಲಿ ಆಳಕ್ಕಿಂತ ದೊಡ್ಡ ಅಪಾಯ ತಂಪು. ನೀರು ಅತಿ ಹೆಚ್ಚು ಸಾಂದ್ರವಾಗಿರುವುದು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆದ್ದರಿಂದ ಬೇಸಿಗೆಯಲ್ಲಿ ತಣ್ಣೀರು ತಳ ಸೇರುತ್ತದೆ, ಬಿಸಿಲಿಗೆ ಕಾದ ಹಗುರ ನೀರು ಮೇಲೆ ಉಳಿಯುತ್ತದೆ. ಮೇಲೆ ಕೆಲವು ಮೀಟರ್ ಹಿತವಾಗಿರುತ್ತದೆ, ಅದರ ಕೆಳಗೆ ಉಷ್ಣತೆ ಇದ್ದಕ್ಕಿದ್ದಂತೆ ಬೀಳುತ್ತದೆ. ಕೆಲವು ಸರೋವರಗಳಲ್ಲಿ ಮುಳುಗು ಹಾಕಿದವರಿಗೆ ಆ ಗಡಿ ಚರ್ಮಕ್ಕೇ ತಿಳಿಯುತ್ತದೆ. ಹಿಮ ಕರಗಿ ನೇರವಾಗಿ ಬರುವ ಸರೋವರದಲ್ಲಿ ಮೇಲಿನ ಪದರವೂ ಬೆಚ್ಚಗಿರುವುದಿಲ್ಲ.

ಆ ಬೆಚ್ಚನೆಯ ಪದರವನ್ನೂ ನಂಬುವಂತಿಲ್ಲ. ಗಾಳಿ ಒಂದೇ ದಿಕ್ಕಿಗೆ ಕೆಲವು ಗಂಟೆ ಜೋರಾಗಿ ಬೀಸಿದರೆ ಮೇಲಿನ ನೀರು ಆಚೆ ದಡಕ್ಕೆ ಸರಿದುಬಿಡುತ್ತದೆ. ತೆರವಾದ ಜಾಗಕ್ಕೆ ಕೆಳಗಿನ ತಣ್ಣೀರು ಎದ್ದು ಬರುತ್ತದೆ. ನಿನ್ನೆ ಮಕ್ಕಳು ಆಡಿದ ದಡದಲ್ಲಿ ಇವತ್ತು ಕಾಲಿಟ್ಟರೆ ಜುಮ್ಮೆನ್ನುವುದು ಇದರಿಂದಲೇ. ಬಿಸಿಲು ಅಷ್ಟೇ ಇದೆ, ಆಕಾಶ ಅಷ್ಟೇ ತಿಳಿಯಾಗಿದೆ, ನೀರು ಮಾತ್ರ ಬೇರೆ.

ತಣ್ಣೀರಿಗೆ ದಿಢೀರನೆ ಬಿದ್ದರೆ ಮೈ ಮೊದಲು ಮಾಡುವುದು ಬಾಯಿ ತೆರೆದು ಉಸಿರು ಎಳೆಯುವುದು. ಇದು ನಮ್ಮ ಹಿಡಿತದಲ್ಲಿ ಇರುವುದಿಲ್ಲ. ತಲೆ ಆಗ ನೀರಿನ ಒಳಗಿದ್ದರೆ ಆ ಒಂದು ಉಸಿರೇ ಸಾಕು. ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಇದನ್ನು 1-10-1 ಅಂತ ನೆನಪಿಡಲು ಹೇಳುತ್ತಾರೆ. ಕೊರೆಯುವ ನೀರಿಗೆ ಬಿದ್ದರೆ ಉಸಿರು ಹತೋಟಿಗೆ ಬರಲು ಸುಮಾರು ಒಂದು ನಿಮಿಷ ಬೇಕು. ಕೈಕಾಲು ಕೆಲಸಕ್ಕೆ ಬರುವುದು ಹೆಚ್ಚೆಂದರೆ ಹತ್ತು ನಿಮಿಷ. ಮೈ ತಣ್ಣಗಾಗಿ ಪ್ರಜ್ಞೆ ತಪ್ಪಲು ಸುಮಾರು ಒಂದು ಗಂಟೆ. ಅಂದರೆ ಜನ ಸಾಯುವುದು ಮೈ ಹೆಪ್ಪುಗಟ್ಟಿ ಅಂತ ನಾವು ಅಂದುಕೊಂಡಿರುವುದು ಬಹಳ ಸಲ ತಪ್ಪು. ಅದಕ್ಕೆ ಎಷ್ಟೋ ಮೊದಲೇ, ಉಸಿರು ತಪ್ಪಿಯೋ ಕೈ ಸೋತೋ ಮುಳುಗಿರುತ್ತಾರೆ. ಚೆನ್ನಾಗಿ ಈಜುವವರೂ ಇದರಲ್ಲಿ ಸೇರಿದ್ದಾರೆ. ಲೈಫ್ ಜಾಕೆಟ್ ಬೇಕಾಗಿರುವುದು ಆ ಮೊದಲ ನಿಮಿಷಕ್ಕೆ. ಬಿದ್ದ ಮೇಲೆ ಹಾಕಿಕೊಳ್ಳೋಣ ಅಂದರೆ ಆಗದು. ಅದಿಲ್ಲದೆ ಬಿದ್ದಿದ್ದರೆ ಈಜಲು ಹೆಣಗದೆ ಅಂಗಾತ ತೇಲಿ, ಉಸಿರು ಸರಿಹೋಗುವವರೆಗೆ ಕಾಯಬೇಕು.

ದೋಣಿಯವರಿಗೆ ಗಾಳಿಯ ವೇಳಾಪಟ್ಟಿ ಗೊತ್ತಿರಬೇಕು. ಹಗಲು ಗುಡ್ಡದ ಇಳಿಜಾರು ಕಾದಾಗ ಗಾಳಿ ಕಣಿವೆಯಿಂದ ಮೇಲಕ್ಕೆ ಏರುತ್ತದೆ. ರಾತ್ರಿ ತಣಿದ ಗಾಳಿ ಕೆಳಗಿಳಿಯುತ್ತದೆ. ಇಟಲಿಯ ಗಾರ್ಡಾ ಸರೋವರದಲ್ಲಿ ಇದು ಎಷ್ಟು ನಿಯಮಿತ ಅಂದರೆ ಎರಡಕ್ಕೂ ಹೆಸರೇ ಇದೆ. ಬೆಳಗ್ಗೆ ಉತ್ತರದಿಂದ ಪೆಲೆರ್, ಮಧ್ಯಾಹ್ನದ ಮೇಲೆ ದಕ್ಷಿಣದಿಂದ ಓರಾ. ಹಾಯಿದೋಣಿಯವರು ಅದನ್ನೇ ನಂಬಿ ಬರುತ್ತಾರೆ. ಸಣ್ಣ ಕಯಾಕ್‌ನವರಿಗೆ ಅದೇ ಗಾಳಿ ಕಷ್ಟ. ಬೆಳಗ್ಗೆ ಕನ್ನಡಿಯಂತಿದ್ದ ನೀರಿನ ಮೇಲೆ ಬಹಳ ದೂರ ಹೋಗಿಬಿಟ್ಟರೆ ವಾಪಸು ಬರುವಾಗ ಎದುರುಗಾಳಿ, ಎದುರಲೆ.

ಇನ್ನು ಜಲಾಶಯ. ಅಲ್ಲಿ ನೀರಿನ ಮಟ್ಟ ನೀರಾವರಿಗೋ ವಿದ್ಯುತ್ತಿಗೋ ತಕ್ಕ ಹಾಗೆ ಬದಲಾಗುತ್ತದೆ. ಕಳೆದ ಸಲ ಆಳ ಇದ್ದ ಜಾಗದಲ್ಲಿ ಈ ಸಲ ಮುಳುಗಿದ ಮರದ ಬೊಡ್ಡೆ ನೀರಿನ ಮೇಲ್ಮೈಗೆ ಒಂದು ಗೇಣು ಕೆಳಗಿರಬಹುದು. ನೀರು ಇಳಿದ ಮೇಲೆ ಕಾಣುವ ಹೂಳು ಮೇಲೆ ಒಣಗಿ ಬಿರುಕು ಬಿಟ್ಟಿರುತ್ತದೆ, ಗಟ್ಟಿ ನೆಲ ಅಂತಲೇ ಅನಿಸುತ್ತದೆ. ಅದರ ಅಡಿಯಲ್ಲಿ ಹಸಿ ಕೆಸರು. ಕಾಲಿಟ್ಟರೆ ಮೊಣಕಾಲವರೆಗೂ ಹೂತುಹೋಗುತ್ತದೆ, ಎಳೆದಷ್ಟೂ ಇನ್ನೊಂದು ಕಾಲು ಇಳಿಯುತ್ತದೆ.

ನನಗೆ ಜಾಸ್ತಿ ಭಯ ಅಣೆಕಟ್ಟಿನ ಕೆಳಭಾಗದ ನದಿಯದ್ದು. ವಿದ್ಯುತ್ತಿಗೆ ಬೇಡಿಕೆ ಇಲ್ಲದಾಗ ಅಲ್ಲಿ ನೀರು ಕಮ್ಮಿ. ಬಂಡೆಗಳು ಒಣಗಿ ಬಿದ್ದಿರುತ್ತವೆ, ನಡುವೆ ಸಣ್ಣ ಹರಿವು. ಫೋಟೋ ತೆಗೆಯಲು ಇದಕ್ಕಿಂತ ಒಳ್ಳೆ ಜಾಗ ಇಲ್ಲ ಅನಿಸುತ್ತದೆ. 2014ರ ಜೂನ್ 8ರಂದು ಹಿಮಾಚಲ ಪ್ರದೇಶದಲ್ಲಿ ಬಿಯಾಸ್ ನದಿಯ ಬಂಡೆಗಳ ಮೇಲೆ ನಿಂತಿದ್ದ ಹೈದರಾಬಾದಿನ 24 ವಿದ್ಯಾರ್ಥಿಗಳು ಲಾರ್ಜಿ ಅಣೆಕಟ್ಟಿನಿಂದ ಬಿಟ್ಟ ನೀರಿನಲ್ಲಿ ಕೊಚ್ಚಿಹೋದರು. ಮೋಡ ಇರಲಿ, ಇಲ್ಲದಿರಲಿ, ಮೇಲೆ ಗೇಟು ತೆಗೆದರೆ ಕೆಳಗೆ ನೀರು ಬಂದೇ ಬರುತ್ತದೆ. ಇನ್ನೂ ಬದುಕು ಶುರುವಾಗಬೇಕಿದ್ದ ಮಕ್ಕಳು. ಸೈರನ್, ಬೇಲಿ, ಕಾವಲು ಇವೆಲ್ಲ ಅಣೆಕಟ್ಟು ನಡೆಸುವವರ ಹೊಣೆ. ಪ್ರವಾಸಿಗಳು ಹುಷಾರಾಗಿರಬೇಕು ಅಂತ ಒಂದು ಫಲಕ ನೆಟ್ಟು ಕೈತೊಳೆದುಕೊಳ್ಳುವಂಥದ್ದಲ್ಲ. ಹೋಗುವವರು ಮಾಡಬಹುದಾದ ಸುಲಭದ ಕೆಲಸವೂ ಒಂದಿದೆ. ನೀರಿನ ಅಂಚಿನಲ್ಲಿ ಒಂದು ಕಲ್ಲನ್ನು ಗುರುತು ಮಾಡಿಕೊಳ್ಳುವುದು. ಅದು ಒದ್ದೆಯಾಗತೊಡಗಿದರೆ ಚೀಲ, ಚಪ್ಪಲಿ ಅಂತ ನೋಡದೆ ಮೇಲಕ್ಕೆ ಹತ್ತಬೇಕು.

ಬಿಟ್ಟ ನೀರು ಬರುವುದು ಜಲಾಶಯದ ಆಳದಿಂದಾದರೆ ಅದು ಬೇಸಿಗೆಯಲ್ಲೂ ತಣ್ಣಗಿರುತ್ತದೆ. ಅಮೆರಿಕದ ಕೊಲರಾಡೊ ನದಿಯ ಗ್ಲೆನ್ ಕ್ಯಾನ್ಯನ್ ಅಣೆಕಟ್ಟಿನಲ್ಲಿ 1963ರಿಂದ ನೀರು ನಿಲ್ಲತೊಡಗಿದ ಮೇಲೆ, ಕೆಳಗಿನ ನದಿ ಎಷ್ಟು ತಣ್ಣಗಾಯಿತೆಂದರೆ ಬೆಚ್ಚನೆಯ ಕೆಸರು ನೀರಿಗೆ ಒಗ್ಗಿದ್ದ ಅಲ್ಲಿನ ಮೀನುಗಳು ಸೊರಗಿದವು. ತಣ್ಣೀರು ಬಯಸುವ, ಹೊರಗಿನಿಂದ ತಂದು ಬಿಟ್ಟ ಟ್ರೌಟ್ ಮೀನು ಕೊಬ್ಬಿತು. ಸುಡುವ ಮರುಭೂಮಿಯ ನಡುವೆ ಅಲ್ಲಿ ನದಿಗೆ ಬಿದ್ದವರಿಗೂ ಮೇಲೆ ಹೇಳಿದ ಆ ಮೊದಲ ನಿಮಿಷದ್ದೇ ಕಷ್ಟ.

ಚಳಿನಾಡಿನ ಜಲಾಶಯಗಳಲ್ಲಿ ಚಳಿಗಾಲದ ಕಥೆ ಇನ್ನೊಂದು. ಗಟ್ಟಿಯಾದ, ತಿಳಿ ಮಂಜುಗಡ್ಡೆ 10 ಸೆಂಟಿಮೀಟರ್ ದಪ್ಪ ಇದ್ದರೆ ಒಬ್ಬರು ನಡೆಯಬಹುದು ಅನ್ನುವುದು ರೂಢಿಯ ಲೆಕ್ಕ. ಸರೋವರದಲ್ಲಿ ಆ ಗಡ್ಡೆಯನ್ನು ಕೆಳಗಿನ ನೀರು ಎತ್ತಿ ಹಿಡಿದಿರುತ್ತದೆ. ಜಲಾಶಯದಲ್ಲಿ ಗಡ್ಡೆ ಕಟ್ಟಿದ ಮೇಲೂ ನೀರನ್ನು ಹೊರಗೆ ಬಿಡುತ್ತಲೇ ಇರುತ್ತಾರೆ. ಆಗ ದಡದ ಬಳಿ ಗಡ್ಡೆಯ ಅಡಿ ಟೊಳ್ಳಾಗುತ್ತದೆ, ಅದು ಮುರಿದು ಒಳಕ್ಕೆ ವಾಲುತ್ತದೆ. ಆದ್ದರಿಂದ ಅಲ್ಲಿ ದಪ್ಪ ಅಳೆದರಷ್ಟೇ ಸಾಲದು, ನೀರು ಇಳಿಸುತ್ತಿದ್ದಾರೆಯೇ ಅಂತಲೂ ವಿಚಾರಿಸಬೇಕು. ದಡದ ಉದ್ದಕ್ಕೂ ಗಡ್ಡೆ ಬಿರುಕು ಬಿಟ್ಟು ಓರೆಯಾಗಿ ನಿಂತಿದ್ದು ಕಂಡರೆ ಯಾರನ್ನೂ ಕೇಳುವುದೂ ಬೇಡ, ಅಲ್ಲಿಂದಲೇ ಹಿಂತಿರುಗಬಹುದು.