ಬರೀ ಟೆಸ್ಟ್ ಮಾಡುವವರಿಗೆ ಪ್ರತಿ ವರ್ಷ ಪ್ರಶಸ್ತಿ ಯಾಕೆ?

ಓದುಗರ ಪ್ರಶ್ನೆ: ಅಮೆರಿಕನ್ ಕೆಮಿಕಲ್ ಸೊಸೈಟಿ ಪ್ರತಿ ವರ್ಷ ಅನಲಿಟಿಕಲ್ ಕೆಮಿಸ್ಟ್ರಿಗೆ ಅಂತಲೇ ಒಂದು ಪ್ರಶಸ್ತಿ ಕೊಡುತ್ತದೆ. ಹೊಸ ಔಷಧಿ, ಹೊಸ ವಸ್ತು ಕಂಡುಹಿಡಿದವರಿಗೆ ಕೊಟ್ಟರೆ ಸರಿ. ಸ್ಯಾಂಪಲ್ ತೆಗೆದುಕೊಂಡು ಟೆಸ್ಟ್ ಮಾಡಿ ರಿಪೋರ್ಟ್ ಕೊಡುವವರಿಗೆ ಯಾಕೆ? ಅದು ಅಷ್ಟು ದೊಡ್ಡ ಕೆಲಸ ಆಗಿದ್ದರೆ ನೊಬೆಲ್ಲೇ ಸಿಗುತ್ತಿತ್ತಲ್ವಾ?

ಅಳತೆಪಟ್ಟಿ ಹಿಡಿದು ಅಳೆಯುವವರು ಬೇರೆ, ಅಳತೆಪಟ್ಟಿಯನ್ನೇ ಮಾಡುವವರು ಬೇರೆ. ಪ್ರಶಸ್ತಿ ಹೋಗುವುದು ಎರಡನೆಯವರಿಗೆ. ಒಂದು ವಸ್ತುವಿನಲ್ಲಿ ಏನಿದೆ, ಎಷ್ಟಿದೆ ಎಂದು ಹೇಳಲು ಅದುವರೆಗೆ ದಾರಿಯೇ ಇರಲಿಲ್ಲ ಅಂದುಕೊಳ್ಳಿ. ಆ ದಾರಿ ಹಾಕಿಕೊಟ್ಟವರು ಇವರು. ಉಳಿದವರು ಅದರಲ್ಲಿ ನಡೆಯುತ್ತಾರೆ.

ಹಾಗಂತ ಅಳೆಯುವ ಕೆಲಸ ಸುಲಭ ಅಂತಲ್ಲ. 1886ರಲ್ಲಿ ಜರ್ಮನಿಯ ಫ್ರೈಬರ್ಗ್‌ನಲ್ಲಿ ಕ್ಲೆಮೆನ್ಸ್ ವಿಂಕ್ಲರ್ ಎಂಬ ರಸಾಯನಶಾಸ್ತ್ರಜ್ಞರು ಹೊಸದಾಗಿ ಸಿಕ್ಕಿದ್ದ ಬೆಳ್ಳಿಯ ಅದಿರೊಂದನ್ನು ಪರೀಕ್ಷಿಸುತ್ತಿದ್ದರು. ಬೆಳ್ಳಿ ಇಷ್ಟು, ಗಂಧಕ ಇಷ್ಟು ಎಂದು ಎಲ್ಲ ಕೂಡಿಸಿದರೆ ಮೊತ್ತ ನೂರಾಗಬೇಕು. ಆಗಲಿಲ್ಲ. ಮತ್ತೆ ಮತ್ತೆ ಮಾಡಿದರೂ 93ರ ಹತ್ತಿರ ಬಂದು ನಿಂತುಬಿಡುತ್ತಿತ್ತು. ಇನ್ಯಾರೋ ಆಗಿದ್ದರೆ ‘ಕೈತಪ್ಪು’ ಎಂದು ಬಿಟ್ಟುಬಿಡುತ್ತಿದ್ದರೇನೋ. ವಿಂಕ್ಲರ್‌ಗೆ ತಮ್ಮ ಲೆಕ್ಕದ ಮೇಲೆ ನಂಬಿಕೆ ಇತ್ತು. ಕಾಣೆಯಾದ ಆ 7 ಭಾಗವನ್ನು ತಿಂಗಳುಗಟ್ಟಲೆ ಹುಡುಕಿದರು. ಅದೇ ಜರ್ಮೇನಿಯಂ. 15 ವರ್ಷ ಹಿಂದೆ ಮೆಂಡಲೀಫ್ ತಮ್ಮ ಆವರ್ತ ಕೋಷ್ಟಕದಲ್ಲಿ ಖಾಲಿ ಬಿಟ್ಟಿದ್ದ ಮನೆಗೆ ಅದು ಸರಿಯಾಗಿ ಕೂತಿತು. ಮೆಂಡಲೀಫ್ ಊಹಿಸಿದ್ದ ಪರಮಾಣು ತೂಕ 72, ವಿಂಕ್ಲರ್‌ಗೆ ಸಿಕ್ಕಿದ್ದು 72.3.

ಇನ್ನು ನೊಬೆಲ್ ವಿಷಯ. ಸಿಕ್ಕಿಲ್ಲ ಅಂತೇನಿಲ್ಲ. ಮಿಶ್ರಣದಿಂದ ವಸ್ತುಗಳನ್ನು ಬೇರ್ಪಡಿಸುವ ಕ್ರೊಮ್ಯಾಟೊಗ್ರಫಿಯ ಒಂದು ಬಗೆಗೆ 1952ರಲ್ಲಿ, ದ್ರಾವಣದಲ್ಲಿ ಕರೆಂಟ್ ಹರಿಸಿ ಏನಿದೆ, ಎಷ್ಟಿದೆ ಎಂದು ಅಳೆಯುವ ಪೋಲರೋಗ್ರಫಿಗೆ 1959ರಲ್ಲಿ, ಪ್ರೋಟೀನಿನಂಥ ದೊಡ್ಡ ಅಣುಗಳನ್ನು ತೂಗುವ ಮಾಸ್ ಸ್ಪೆಕ್ಟ್ರೋಮೆಟ್ರಿ ವಿಧಾನಗಳಿಗೆ 2002ರಲ್ಲಿ ಸಿಕ್ಕಿದೆ. ನನಗೆ ಎಲ್ಲಕ್ಕಿಂತ ಇಷ್ಟ 1923ರದ್ದು, ಆಸ್ಟ್ರಿಯಾದ ಫ್ರಿಟ್ಸ್ ಪ್ರೆಗ್ಲ್ ಅವರದ್ದು. ಪಿತ್ತರಸದ ಮೇಲೆ ಕೆಲಸ ಮಾಡುತ್ತಿದ್ದ ಅವರ ಕೈಗೆ ಬಂದ ವಸ್ತು ಎಷ್ಟು ಕಡಿಮೆ ಇತ್ತೆಂದರೆ, ಆಗಿನ ವಿಧಾನದಲ್ಲಿ ಪರೀಕ್ಷೆ ಮಾಡಲು ಸಾಲುತ್ತಲೇ ಇರಲಿಲ್ಲ. ಟನ್‌ಗಟ್ಟಲೆ ಪಿತ್ತರಸ ತರಿಸಿ ಶುರು ಮಾಡಬೇಕು, ಇಲ್ಲವೇ ಪರೀಕ್ಷೆಯನ್ನೇ ಚಿಕ್ಕದು ಮಾಡಬೇಕು. ಪ್ರೆಗ್ಲ್ ಎರಡನೆಯದನ್ನು ಆರಿಸಿಕೊಂಡರು. ಮಿಲಿಗ್ರಾಂನ ಸಾವಿರದಲ್ಲಿ ಒಂದು ಭಾಗ ತೋರಿಸುವ ತಕ್ಕಡಿ ಮಾಡಿಸಿದರು. ನೂರಾರು ಮಿಲಿಗ್ರಾಂ ಬೇಕಿದ್ದ ಪರೀಕ್ಷೆಯನ್ನು ಕೆಲವೇ ಮಿಲಿಗ್ರಾಂಗೆ ಇಳಿಸಿದರು. ನೊಬೆಲ್ ಸಮಾರಂಭದಲ್ಲಿ ಪ್ರಶಸ್ತಿ ಕೊಡುವವರೇ ಹೇಳಿದ್ದರು: ಇದು ಹೊಸ ಶೋಧಕ್ಕೆ ಕೊಟ್ಟದ್ದಲ್ಲ, ಇದ್ದ ವಿಧಾನವನ್ನು ಸುಧಾರಿಸಿದ್ದಕ್ಕೆ ಕೊಟ್ಟದ್ದು. ಆಲ್ಫ್ರೆಡ್ ನೊಬೆಲ್ ಅವರ ಉಯಿಲಿನಲ್ಲೂ ರಸಾಯನಶಾಸ್ತ್ರಕ್ಕೆ ‘ಶೋಧ ಅಥವಾ ಸುಧಾರಣೆ’ ಎಂದೇ ಇದೆ. ಎರಡನೆಯ ಪದ ಬಹಳ ಜನರಿಗೆ ನೆನಪಿರುವುದಿಲ್ಲ, ಅಷ್ಟೆ.

ಆದರೆ ಹೀಗೆ ಸಿಗುವುದು ಅಪರೂಪ. ಯಾಕೆ ಅಂತ ತಿಳಿಯಲು ಜೇಮ್ಸ್ ಲವ್‌ಲಾಕ್ ಅವರ ಕಥೆ ಸಾಕು.

1957ರಲ್ಲಿ ಬ್ರಿಟನ್ನಿನ ಲವ್‌ಲಾಕ್ ಒಂದು ಪುಟ್ಟ ಡಿಟೆಕ್ಟರ್ ಮಾಡಿದರು. ಕೆಲಸ ಮಾಡುವ ರೀತಿ ಸರಳ. ಒಳಗೆ ಚೂರು ವಿಕಿರಣಶೀಲ ವಸ್ತು ಇರುತ್ತದೆ. ಅದರಿಂದ ಎಲೆಕ್ಟ್ರಾನ್‌ಗಳು ಹೊರಟು ಸಣ್ಣದೊಂದು ಕರೆಂಟ್ ಹರಿಯುತ್ತಿರುತ್ತದೆ. ಕ್ಲೋರಿನ್‌ನಂಥ ಪರಮಾಣುಗಳಿರುವ ಅಣು ಒಳಗೆ ಬಂದರೆ ಎಲೆಕ್ಟ್ರಾನನ್ನು ಕಸಿದುಕೊಳ್ಳುತ್ತದೆ, ಕರೆಂಟ್ ಇಳಿಯುತ್ತದೆ. ಎಷ್ಟು ಇಳಿಯಿತು ಎಂದು ನೋಡಿದರೆ ಎಷ್ಟು ಅಣು ಇದೆ ಎಂದು ಗೊತ್ತಾಗುತ್ತದೆ. ಇದು ಎಷ್ಟು ಸೂಕ್ಷ್ಮವಾಗಿತ್ತೆಂದರೆ, ಡಿಡಿಟಿಯಂಥ ಕೀಟನಾಶಕಗಳು ಯಾರೂ ಎಣಿಸದ ಕಡೆಯೆಲ್ಲ ಕಾಣತೊಡಗಿದವು.

1971ರಲ್ಲಿ ಲವ್‌ಲಾಕ್ ತಾವೇ ಕಟ್ಟಿದ ಉಪಕರಣವನ್ನು ಶ್ಯಾಕಲ್ಟನ್ ಎಂಬ ಹಡಗಿಗೆ ಹೇರಿಕೊಂಡು ಅಂಟಾರ್ಕ್ಟಿಕಾ ಕಡೆ ಹೊರಟರು. ಫ್ರಿಜ್ ಮತ್ತು ಸ್ಪ್ರೇ ಡಬ್ಬಿಗಳಲ್ಲಿ ಬಳಸುತ್ತಿದ್ದ ಸಿಎಫ್‌ಸಿ ಅನಿಲ ದಾರಿಯುದ್ದಕ್ಕೂ ಗಾಳಿಯಲ್ಲಿ ಸಿಕ್ಕಿತು. ಪ್ರಮಾಣ ಒಂದು ಲಕ್ಷ ಕೋಟಿ ಭಾಗದಲ್ಲಿ ಐವತ್ತರ ಆಸುಪಾಸು. ಊರು, ಕಾರ್ಖಾನೆ ಏನೂ ಇಲ್ಲದ ನಡುಸಮುದ್ರದಲ್ಲೂ ಇತ್ತು. ತಮಾಷೆ ಏನೆಂದರೆ, ಈ ಅನಿಲದಿಂದ ಯಾವ ಅಪಾಯವೂ ಕಾಣುವುದಿಲ್ಲ ಎಂದು ಅವರೇ 1973ರ ತಮ್ಮ ಪ್ರಬಂಧದಲ್ಲಿ ಬರೆದಿದ್ದರು! ಅಳತೆ ಸರಿಯಾಗಿತ್ತು, ತೀರ್ಮಾನ ತಪ್ಪಿತ್ತು. ಆ ಅಳತೆಯ ಸುದ್ದಿ ಕೇಳಿ ‘ಹಾಗಾದರೆ ಇದೆಲ್ಲ ಕೊನೆಗೆ ಎಲ್ಲಿಗೆ ಹೋಗುತ್ತದೆ?’ ಎಂದು ಯೋಚಿಸಿದವರು ಶೆರ್ವುಡ್ ರೋಲಂಡ್. ಅವರೂ ಮಾರಿಯೋ ಮೊಲಿನಾ ಅವರೂ ಸೇರಿ 1974ರಲ್ಲಿ, ಸಿಎಫ್‌ಸಿ ಮೇಲೇರಿ ಓಝೋನ್ ಪದರವನ್ನು ಹಾಳುಮಾಡುತ್ತದೆ ಎಂದು ತೋರಿಸಿದರು. 1995ರ ನೊಬೆಲ್ ಅವರಿಬ್ಬರಿಗೂ ಪಾಲ್ ಕ್ರುಟ್ಸನ್‌ಗೂ ಹೋಯಿತು. ಸಲ್ಲಬೇಕಾದವರಿಗೇ ಸಂದಿತು, ಅದರಲ್ಲಿ ತಕರಾರಿಲ್ಲ. ಆದರೆ ಆ ಡಿಟೆಕ್ಟರ್ ಇಲ್ಲದೆ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಉತ್ತರ ಹೇಳಿದವರ ಹೆಸರು ಉಳಿಯುತ್ತದೆ, ಉಪಕರಣ ಮಾಡಿದವರ ಹೆಸರು ಮಷಿನ್ನಿನ ಡಬ್ಬದೊಳಗೆ ಸೇರಿಹೋಗುತ್ತದೆ. ಲವ್‌ಲಾಕ್‌ಗೆ 1980ರಲ್ಲಿ ಅಮೆರಿಕನ್ ಕೆಮಿಕಲ್ ಸೊಸೈಟಿಯ ಕ್ರೊಮ್ಯಾಟೊಗ್ರಫಿ ಪ್ರಶಸ್ತಿ ಸಿಕ್ಕಿತು. ಅವರ ಡಿಟೆಕ್ಟರನ್ನು ದಿನಾ ಬಳಸುವವರಿಗೆ ಅದರ ಬೆಲೆ ಗೊತ್ತಿತ್ತು.

ನೀವು ಕೇಳಿದ ಪ್ರಶಸ್ತಿಯೂ ಇದೇ ಕುಟುಂಬದ್ದು. ಲ್ಯಾಬ್ ಸಾಮಾನು ಮಾರುತ್ತಿದ್ದ ಫಿಶರ್ ಕಂಪನಿ ಹಣ ಕೊಟ್ಟಿದ್ದರಿಂದ ಮೊದಲು ಅದಕ್ಕೆ ಫಿಶರ್ ಪ್ರಶಸ್ತಿ ಎಂದೇ ಹೆಸರು. 1948ರಲ್ಲಿ ಮೊದಲು ಪಡೆದವರು ಪ್ರಿನ್ಸ್‌ಟನ್‌ನ ಹೊವೆಲ್ ಫರ್ಮನ್. ಎರಡನೇ ಮಹಾಯುದ್ಧದ ಕಾಲದಲ್ಲಿ ಅವರ ತಂಡ ಯುರೇನಿಯಂ ವಿಶ್ಲೇಷಣೆಯಲ್ಲಿ ತೊಡಗಿತ್ತು. ರಿಯಾಕ್ಟರ್‌ಗೆ ಹಾಕುವ ಯುರೇನಿಯಂನಲ್ಲಿ ಬೋರಾನ್ ಹತ್ತು ಲಕ್ಷಕ್ಕೆ ಕೆಲವೇ ಭಾಗ ಇದ್ದರೂ ನ್ಯೂಟ್ರಾನ್‌ಗಳನ್ನು ನುಂಗಿಹಾಕುತ್ತದೆ. ಹಾಗಾಗಿ ‘ಶುದ್ಧ’ ಎಂದು ಬಾಯಲ್ಲಿ ಹೇಳಿದರೆ ಆಗದು, ಅಳೆದು ತೋರಿಸಬೇಕು.

ಆಯ್ಕೆಯಲ್ಲಿ ನೋಡುವುದು ಸ್ವತಂತ್ರ ಯೋಚನೆ ಮತ್ತು ಹೊಸತನವನ್ನು, ಅಥವಾ ಜನರ ಒಳಿತಿಗೆ ಆ ಕೆಲಸ ಎಷ್ಟು ಉಪಯೋಗ ಆಯಿತು ಎನ್ನುವುದನ್ನು. ತನ್ನ ಹೆಸರನ್ನು ತಾನೇ ಸೂಚಿಸುವ ಹಾಗಿಲ್ಲ, ಬೇರೆಯವರು ಬರೆದು ಕಳಿಸಬೇಕು. 2010ರಲ್ಲಿ ಇದನ್ನು ಪಡೆದ ರಿಚರ್ಡ್ ವ್ಯಾನ್ ಡೈನ್ ಒಳ್ಳೆಯ ಉದಾಹರಣೆ. ಕರೆಂಟ್ ಹರಿಸಿ ಒರಟು ಮಾಡಿದ ಬೆಳ್ಳಿಯ ಮೇಲೆ ಅಣುಗಳ ರಾಮನ್ ಸಿಗ್ನಲ್ (ಬೆಳಕು ಬಿಟ್ಟಾಗ ಅಣುಗಳು ಚದುರಿಸುವ, ಅವುಗಳ ಗುರುತು ಹೇಳುವ ಬೆಳಕು) ಜೋರಾಗಿ ಬರುವುದನ್ನು ಅವರಿಗಿಂತ ಮೊದಲೇ ಬೇರೊಂದು ತಂಡ ಕಂಡಿತ್ತು. ಒರಟು ಮೇಲ್ಮೈಯಲ್ಲಿ ಅಣುಗಳು ಜಾಸ್ತಿ ಕೂರುತ್ತವೆ, ಅದಕ್ಕೇ ಹೀಗೆ ಎಂದು ಆ ತಂಡ ಸುಮ್ಮನಾಯಿತು. 1977ರಲ್ಲಿ ವ್ಯಾನ್ ಡೈನ್ ಮತ್ತು ಅವರ ವಿದ್ಯಾರ್ಥಿ ಲೆಕ್ಕ ಹಾಕಿ ನೋಡಿದರು. ಜಾಗ ಎಷ್ಟೇ ಜಾಸ್ತಿಯಾದರೂ ಸಿಗ್ನಲ್ ಲಕ್ಷಾಂತರ ಪಟ್ಟು ಹೆಚ್ಚಲು ಸಾಧ್ಯವಿರಲಿಲ್ಲ. ಅಂದರೆ ಬೇರೆ ಕಾರಣ ಇರಲೇಬೇಕಿತ್ತು. ವಿಂಕ್ಲರ್ ಕಥೆಯದ್ದೇ ತಿರುವು: ಅಲ್ಲಿ ಲೆಕ್ಕ ಕಡಿಮೆ ಬಿತ್ತು, ಇಲ್ಲಿ ಜಾಸ್ತಿ ಬಂತು.

ನಿಮ್ಮ ಪ್ರಶ್ನೆಯಲ್ಲಿ ಒಂದು ಮಾತು ಮಾತ್ರ ನಿಜ. ಬೆಳಿಗ್ಗೆಯಿಂದ ಸಂಜೆವರೆಗೆ ಸ್ಯಾಂಪಲ್ ಹಾಕಿ, ಬ್ಲ್ಯಾಂಕ್ (ಸ್ಯಾಂಪಲ್ ಇಲ್ಲದ ಖಾಲಿ ಪರೀಕ್ಷೆ) ಓಡಿಸಿ, ಅನುಮಾನ ಬಂದರೆ ಮತ್ತೊಮ್ಮೆ ಮಾಡಿ, ಸರಿಯಾದ ರಿಪೋರ್ಟ್ ಕೊಡುವ ಲ್ಯಾಬ್‌ನವರಿಗೆ ಈ ಪ್ರಶಸ್ತಿ ಬರುವುದಿಲ್ಲ. ಅವರಿಗೂ ಒಂದು ಇರಬೇಕಿತ್ತು ಎನ್ನುವುದು ನನ್ನ ಅಭಿಪ್ರಾಯ.