ಬೆಕ್ಕಿನ ಕ್ಯಾನ್ಸರ್, ಇಲಿಯ ಮೈಯಲ್ಲಿ

ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಜೀವಕೋಶಗಳನ್ನು ಕೊಲ್ಲುವುದು ದೊಡ್ಡ ಸಾಧನೆಯೇನಲ್ಲ. ಸೋಪಿನ ನೀರು ಹಾಕಿದರೂ ಸಾಯುತ್ತವೆ. ಆದರೂ ‘ಇಂಥ ಎಲೆಯ ರಸ ಕ್ಯಾನ್ಸರ್ ಕೋಶಗಳನ್ನು ಕೊಂದಿತು’ ಅಂತ ಸುದ್ದಿ ಬಂದರೆ ಸಾಕು, ಔಷಧ ಸಿಕ್ಕೇಬಿಟ್ಟಿತು ಎಂದು ಜನ ಫಾರ್ವರ್ಡ್ ಮಾಡುತ್ತಾರೆ. ಎಲ್ಲಿ ಕೊಂದಿತು, ಯಾವ ಕೋಶವನ್ನು, ಆ ಕೋಶ ಯಾರ ಮೈಯಿಂದ ಬಂದದ್ದು ಅಂತ ಕೇಳುವವರೇ ಕಡಿಮೆ. ಈ ಪ್ರಶ್ನೆಗಳು ಎಷ್ಟು ಮುಖ್ಯ ಅಂತ ತೋರಿಸೋಕೆ ಬೆಕ್ಕಿನ ಸ್ತನ ಕ್ಯಾನ್ಸರ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಬೆಕ್ಕಿಗೆ ಸಾಮಾನ್ಯವಾಗಿ ನಾಲ್ಕು ಜೊತೆ ಮೊಲೆಗಳು. ಅಲ್ಲೊಂದು ಗಂಟು ಕೈಗೆ ಸಿಕ್ಕಿತು ಅಂದರೆ ಶೇ. 80ರಿಂದ 90ರಷ್ಟು ಸಲ ಅದು ಕ್ಯಾನ್ಸರೇ ಆಗಿರುತ್ತದೆ. ನಾಯಿಗಳಲ್ಲಿ ಈ ಪ್ರಮಾಣ ಸುಮಾರು ಅರ್ಧ. ಬರುವುದು ಹೆಚ್ಚಾಗಿ 10-12 ವರ್ಷದ ಹೆಣ್ಣು ಬೆಕ್ಕುಗಳಿಗೆ. ಸಯಾಮೀಸ್ ತಳಿಗೆ ಇನ್ನೂ ಜಾಸ್ತಿ. ಲಿಂಫ್ ಗ್ರಂಥಿಗೂ ಶ್ವಾಸಕೋಶಕ್ಕೂ ಬೇಗ ಹರಡುತ್ತದೆ. ಗಂಟು 2 ಸೆಂಟಿಮೀಟರಿಗಿಂತ ಚಿಕ್ಕದಿರುವಾಗಲೇ ತೆಗೆದರೆ ಬೆಕ್ಕು ಕೆಲವು ವರ್ಷ ಬದುಕಬಹುದು. 3 ಸೆಂಟಿಮೀಟರ್ ದಾಟಿದರೆ ಲೆಕ್ಕ ತಿಂಗಳುಗಳಿಗೆ ಇಳಿಯುತ್ತದೆ.

ಇನ್ನೊಂದು ವಿಷಯವೂ ಇದೆ. ಮನುಷ್ಯರ ಸ್ತನ ಕ್ಯಾನ್ಸರ್‌ಗಳಲ್ಲಿ ಹೆಚ್ಚಿನವು ಈಸ್ಟ್ರೋಜನ್ ಹಾರ್ಮೋನಿಗೆ ಸ್ಪಂದಿಸುತ್ತವೆ. ಹಾರ್ಮೋನನ್ನು ತಡೆದರೆ ಬೆಳವಣಿಗೆಗೂ ಅಡ್ಡಿ. ಬೆಕ್ಕಿನ ಕ್ಯಾನ್ಸರ್‌ಗಳಲ್ಲಿ ಬಹುಪಾಲಿಗೆ ಆ ಹಾರ್ಮೋನನ್ನು ಹಿಡಿದುಕೊಳ್ಳುವ ಗ್ರಾಹಕಗಳೇ (ರಿಸೆಪ್ಟರ್) ಇರುವುದಿಲ್ಲ. ಹೆಂಗಸರಲ್ಲಿ ಕಾಣುವ ‘ಟ್ರಿಪಲ್ ನೆಗೆಟಿವ್’ ಎಂಬ ಹಟಮಾರಿ ಬಗೆಗೆ ಇವು ಹತ್ತಿರ. ಹಾಗಾಗಿ 1970ರಿಂದ ಲ್ಯಾಬುಗಳಲ್ಲಿ ಬೆಳೆಯುತ್ತಿರುವ, ಹಾರ್ಮೋನನ್ನೇ ನೆಚ್ಚಿಕೊಂಡ ಎಂಸಿಎಫ್-7 ಎಂಬ ಪ್ರಸಿದ್ಧ ಮಾನವ ಕೋಶಗಳನ್ನು ಇಟ್ಟುಕೊಂಡು ಬೆಕ್ಕಿನ ಕಾಯಿಲೆ ಓದೋಕೆ ಆಗಲ್ಲ. ಬೆಕ್ಕಿನದೇ ಕೋಶ ಬೇಕು.

ಅದಕ್ಕಾಗಿ ಲ್ಯಾಬಿನಲ್ಲಿ ಬೆಕ್ಕುಗಳಿಗೆ ಕ್ಯಾನ್ಸರ್ ಬರಿಸುತ್ತಾರೆ ಎಂದುಕೊಂಡವರಿದ್ದಾರೆ. ಅದರ ಅಗತ್ಯವೇ ಇಲ್ಲ. ಚಿಕಿತ್ಸೆಗೆಂದು ಬಂದ ಬೆಕ್ಕಿಗೆ ವೈದ್ಯರು ಆಪರೇಷನ್ ಮಾಡಿ ಗಡ್ಡೆ ತೆಗೆಯುತ್ತಾರಲ್ಲ, ಅದರದ್ದೇ ಒಂದು ಚೂರು ತಣ್ಣನೆಯ ದ್ರವದಲ್ಲಿ ಮುಳುಗಿ ಲ್ಯಾಬಿಗೆ ಬರುತ್ತದೆ. ಬ್ಲೇಡಿನಿಂದ ಅದನ್ನು ಸಣ್ಣಗೆ ಕೊಚ್ಚಿ, ಕೊಲಾಜಿನೇಸ್ ಎಂಬ ಕಿಣ್ವ ಸೇರಿಸಿ, ಅಂಟಿಕೊಂಡ ಕೋಶಗಳನ್ನು ಬಿಡಿಸುತ್ತಾರೆ. ಆಮೇಲೆ ಚಪ್ಪಟೆ ಪ್ಲಾಸ್ಟಿಕ್ ಬಾಟಲಿಯಲ್ಲಿ, ಗುಲಾಬಿ ಬಣ್ಣದ ಪೋಷಕ ದ್ರವದಲ್ಲಿ ಇಡುತ್ತಾರೆ. ಕೋಶಗಳು ತಿಂದುಂಡು ಆಮ್ಲ ಬಿಟ್ಟಾಗ ಆ ಗುಲಾಬಿ ಹಳದಿಗೆ ತಿರುಗುತ್ತದೆ. ಹಳದಿ ಕಂಡಿತೋ, ದ್ರವ ಬದಲಿಸಬೇಕು. ಇನ್‌ಕ್ಯುಬೇಟರಿನ ಉಷ್ಣತೆ ಸಾಮಾನ್ಯವಾಗಿ 37 ಡಿಗ್ರಿ ಸೆಲ್ಸಿಯಸ್. ಅದು ಮನುಷ್ಯರ ಮೈ ಬಿಸಿ. ಆರೋಗ್ಯವಂತ ಬೆಕ್ಕಿನ ಮೈ 38ರಿಂದ 39 ಡಿಗ್ರಿ ಇರುತ್ತದೆ! ಬೆಕ್ಕಿನ ಕೋಶದ ಪಾಲಿಗೆ ಅದು ಸ್ವಲ್ಪ ತಣ್ಣನೆಯ ಮನೆಯೇ.

ಮೊದಲ ತಲೆನೋವು ಫೈಬ್ರೋಬ್ಲಾಸ್ಟ್. ಗಡ್ಡೆಯಲ್ಲಿ ಕ್ಯಾನ್ಸರ್ ಕೋಶದ ಜೊತೆ ಅಂಗಾಂಶಕ್ಕೆ ಆಧಾರ ಕೊಡುವ ಈ ಮಾಮೂಲಿ ಕೋಶಗಳೂ ಇರುತ್ತವೆ. ಬಿತ್ತಿದ ಬೀಜಕ್ಕಿಂತ ಕಳೆಯೇ ಮೊದಲು ಎದ್ದ ಹೊಲದಂತೆ ಬಾಟಲಿ ತುಂಬ ಇವೇ ಹಬ್ಬುತ್ತವೆ. ಸೂಕ್ಷ್ಮದರ್ಶಕದಲ್ಲಿ ಕ್ಯಾನ್ಸರ್ ಕೋಶಗಳು ಒತ್ತೊತ್ತಾಗಿ, ಬಹುಭುಜದ ಆಕಾರದಲ್ಲಿ ಕೂತಿರುತ್ತವೆ. ಫೈಬ್ರೋಬ್ಲಾಸ್ಟ್ ಉದ್ದಕ್ಕೆ, ಎರಡೂ ತುದಿ ಚೂಪು. ಟ್ರಿಪ್ಸಿನ್ ಕಿಣ್ವ ಹಾಕಿದರೆ ಫೈಬ್ರೋಬ್ಲಾಸ್ಟ್ ಬೇಗ ಕಿತ್ತುಕೊಂಡು ಮೇಲೆ ಬರುತ್ತದೆ, ಕ್ಯಾನ್ಸರ್ ಕೋಶ ನಿಧಾನ. ಈ ಕೆಲವು ನಿಮಿಷಗಳ ವ್ಯತ್ಯಾಸ ಹಿಡಿದೇ ಒಂದನ್ನು ಹೊರಗೆ ಹಾಕಿ ಇನ್ನೊಂದನ್ನು ಉಳಿಸಿಕೊಳ್ಳುತ್ತಾರೆ. ಹೀಗೆ ಉಳಿದವು ತಿಂಗಳುಗಟ್ಟಲೆ ವಿಭಜಿಸುತ್ತಾ ಹೋದರೆ ಒಂದು ‘ಸೆಲ್ ಲೈನ್’ ಸಿಕ್ಕಿತು ಅಂತ ಲೆಕ್ಕ. ಎಷ್ಟೋ ಗಡ್ಡೆಗಳ ಕೋಶಗಳು ಕೆಲವೇ ವಾರದಲ್ಲಿ ಸುಮ್ಮನಾಗಿಬಿಡುತ್ತವೆ.

ಸಿಕ್ಕಿದ ಲೈನು ನಿಜಕ್ಕೂ ಬೆಕ್ಕಿನದೇ ತಾನೇ? ಕೇಳಲೇಬೇಕಾದ ಪ್ರಶ್ನೆ. 1951ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಮಹಿಳೆಯ ಗಡ್ಡೆಯಿಂದ ಬೆಳೆದ ಹೀಲಾ ಕೋಶಗಳು ಎಷ್ಟು ಜೋರಾಗಿ ಬೆಳೆಯುತ್ತಿದ್ದವೆಂದರೆ, ಒಂದು ಹನಿ ತಪ್ಪಿ ಬೇರೆ ಬಾಟಲಿಗೆ ಬಿದ್ದರೂ ಆ ಬಾಟಲಿ ಅವುಗಳದ್ದೇ. ಬೇರೆ ಬೇರೆ ಮೂಲದವು ಎಂದು ನಂಬಿದ್ದ ಹಲವು ಲೈನುಗಳು ಅಸಲಿಗೆ ಹೀಲಾ ಎಂದು 1966ರಲ್ಲಿ ತಳಿವಿಜ್ಞಾನಿ ಸ್ಟಾನ್ಲಿ ಗಾರ್ಟ್ಲರ್ ಒಂದು ವಿಜ್ಞಾನ ಸಭೆಯಲ್ಲಿ ಹೇಳಿದಾಗ ಅಲ್ಲಿದ್ದವರಿಗೆ ಹಿಡಿಸಲಿಲ್ಲ. ಎಂಡಿಎ-ಎಂಬಿ-435 ಎಂಬ ಇನ್ನೊಂದು ಲೈನನ್ನು ಸ್ತನ ಕ್ಯಾನ್ಸರ್ ಅಂತಲೇ ವರ್ಷಾನುಗಟ್ಟಲೆ ಬಳಸಿದರು. ಕೊನೆಗೆ ನೋಡಿದರೆ ಅದು ಚರ್ಮದ ಮೆಲನೋಮಾ! ಬೆಕ್ಕಿನ ಲೈನಿಗೂ ಈ ಪರೀಕ್ಷೆ ತಪ್ಪಿದ್ದಲ್ಲ. ಬೆಕ್ಕಿಗೆ 38 ಕ್ರೋಮೋಸೋಮು, ಇಲಿಗೆ 40, ನಮಗೆ 46. ಕ್ಯಾನ್ಸರ್ ಕೋಶದಲ್ಲಿ ಸಂಖ್ಯೆ ಏರುಪೇರಾಗಿರುವುದರಿಂದ ಬರೀ ಎಣಿಸಿದರೆ ಸಾಲದು, ಡಿಎನ್‌ಎ ಗುರುತನ್ನೂ ನೋಡಬೇಕು.

ಗುರುತು ಸರಿಯಿದ್ದರೂ ಪ್ಲಾಸ್ಟಿಕ್ ಬಾಟಲಿಯ ತಕರಾರು ಮುಗಿಯಲ್ಲ. ನನಗೆ ಎಲ್ಲಕ್ಕಿಂತ ಕುತೂಹಲ ಇಲ್ಲೇ. ಬಾಟಲಿಯ ತಳದಲ್ಲಿ ಕೋಶಗಳು ಒಂದೇ ಪದರವಾಗಿ ಹರಡಿಕೊಳ್ಳುತ್ತವೆ. ಪ್ರತಿಯೊಂದಕ್ಕೂ ಆಮ್ಲಜನಕ ಸಿಗುತ್ತದೆ, ಆಹಾರ ಸಿಗುತ್ತದೆ, ನಾವು ಹಾಕಿದ ಔಷಧವೂ ಸಮನಾಗಿ ಸಿಗುತ್ತದೆ. ಗಡ್ಡೆಯೊಳಗೆ ಹಾಗಿಲ್ಲ. ರಕ್ತನಾಳದಿಂದ ಆಮ್ಲಜನಕ ಹೆಚ್ಚೆಂದರೆ 100-200 ಮೈಕ್ರೋಮೀಟರ್ ದೂರ ಇಳಿಯಬಲ್ಲದು. ಅದರಾಚೆಯ ಕೋಶಗಳು ಉಸಿರುಕಟ್ಟಿ, ವಿಭಜನೆ ನಿಲ್ಲಿಸಿ ಕಾಯುತ್ತಿರುತ್ತವೆ. ಡಾಕ್ಸೊರುಬಿಸಿನ್‌ನಂಥ ಔಷಧಗಳ ಪೆಟ್ಟು ಜೋರಾಗಿ ಬೀಳುವುದು ವಿಭಜಿಸುವ ಕೋಶಗಳ ಮೇಲೆ. ಮೇಲಾಗಿ ಆ ಔಷಧ ಅಷ್ಟು ಒಳಗೆ ಇಳಿಯುವುದೂ ಕಷ್ಟ. ಬಾಟಲಿಯಲ್ಲಿ ಪೂರ್ತಿ ಗೆದ್ದ ಔಷಧ ಗಡ್ಡೆಯಲ್ಲಿ ಸೋಲುವುದಕ್ಕೆ ಇದೊಂದು ಮುಖ್ಯ ಕಾರಣ.

ಅದಕ್ಕೇ ಈಗ ಕೋಶಗಳನ್ನು ಮೃದುವಾದ ಜೆಲ್‌ನಲ್ಲಿ ಬೆಳೆಸುತ್ತಾರೆ. ಅಲ್ಲಿ ಅವು ಪುಟ್ಟ ಉಂಡೆಗಳಾಗುತ್ತವೆ. ಉಂಡೆ ಸುಮಾರು ಅರ್ಧ ಮಿಲಿಮೀಟರ್ ದಾಟಿತೆಂದರೆ ನಡುವಿನ ಕೋಶಗಳು ಸಾಯಲು ಶುರುವಾಗುತ್ತವೆ, ಥೇಟ್ ಗಡ್ಡೆಯಲ್ಲಿ ಆಗುವ ಹಾಗೆಯೇ. ತಮಾಷೆ ಏನಪ್ಪಾ ಅಂದರೆ, ಹೆಚ್ಚು ಬಳಕೆಯಲ್ಲಿರುವ ಮ್ಯಾಟ್ರಿಜೆಲ್ ಎಂಬ ಆ ಜೆಲ್ ತಯಾರಾಗುವುದು ಇಲಿಯ ಗಡ್ಡೆಯಿಂದ.

ಇಷ್ಟಾದರೂ ರಕ್ತ ಹರಿಯಲ್ಲ, ಕ್ಯಾನ್ಸರ್ ಬೇರೆ ಅಂಗಕ್ಕೆ ಹರಡಲ್ಲ. ಅದನ್ನು ನೋಡೋಕೆ ಜೀವಂತ ಮೈ ಬೇಕು. ಮಾಮೂಲಿ ಇಲಿ ಬೆಕ್ಕಿನ ಕೋಶವನ್ನು ಪರಕೀಯ ಎಂದು ಗುರುತಿಸಿ ಕೊಂದುಹಾಕುತ್ತದೆ. ಕೂದಲಿಲ್ಲದ ‘ನ್ಯೂಡ್’ ಇಲಿಗೆ ಥೈಮಸ್ ಗ್ರಂಥಿ ಇಲ್ಲ ಎಂದು 1968ರಲ್ಲಿ ಗೊತ್ತಾಯಿತು. ಥೈಮಸ್ ಇಲ್ಲದಿದ್ದರೆ ಟಿ ಕೋಶಗಳು ಪಕ್ವವಾಗುವುದಿಲ್ಲ, ಕಾವಲು ಸಡಿಲ. ಮರುವರ್ಷವೇ ಕೋಪನ್‌ಹೇಗನ್ನಿನಲ್ಲಿ ರೈಗಾರ್ಡ್ ಮತ್ತು ಪೋವ್ಲ್ಸೆನ್ ಮನುಷ್ಯನ ಕರುಳಿನ ಕ್ಯಾನ್ಸರನ್ನು ಇಂಥ ಇಲಿಯಲ್ಲಿ ಬೆಳೆಸಿದರು. ಬೆಕ್ಕಿನ ಗಡ್ಡೆಗೂ ಅದೇ ದಾರಿ. ಚರ್ಮದಡಿ ಚುಚ್ಚಿದರೆ ಅಳೆಯುವುದು ಸುಲಭ. ಇಲಿಯ ಸ್ತನದ ಕೊಬ್ಬಿನಲ್ಲಿ ಇಟ್ಟರೆ ನಡವಳಿಕೆ ಅಸಲಿಗೆ ಹೆಚ್ಚು ಹತ್ತಿರ. ಆದರೆ ರೋಗನಿರೋಧಕ ಶಕ್ತಿಯನ್ನು ಕೆರಳಿಸಿ ಕೆಲಸ ಮಾಡುವ ಔಷಧಗಳನ್ನು ಈ ಇಲಿಯಲ್ಲಿ ಪರೀಕ್ಷಿಸುವುದು ವ್ಯರ್ಥ. ಕೆರಳಿಸೋಕೆ ಅಲ್ಲಿ ಬೇಕಾದ ಕೋಶಗಳೇ ಇಲ್ವಲ್ಲ!

ಇನ್ನೂ ದೊಡ್ಡ ಅಪಾಯ ಬೇರೆ ಇದೆ. ಸಿಸ್ಪ್ಲಾಟಿನ್ ಎಂಬ ಕ್ಯಾನ್ಸರ್ ಔಷಧವನ್ನು ತೆಗೆದುಕೊಳ್ಳಿ. ಮನುಷ್ಯರಿಗೆ ಕೊಡುತ್ತಾರೆ, ನಾಯಿಗೂ ಕೊಡುತ್ತಾರೆ. ಬೆಕ್ಕಿನ ಗಡ್ಡೆ ಹೊತ್ತ ಇಲಿಗೆ ಕೊಟ್ಟರೂ ಇಲಿ ತಡೆದುಕೊಳ್ಳುತ್ತದೆ. ಅದನ್ನೇ ಬೆಕ್ಕಿಗೆ ಕೊಟ್ಟರೆ ಶ್ವಾಸಕೋಶದಲ್ಲಿ ನೀರು ತುಂಬಿ ಬೆಕ್ಕೇ ಸಾಯುತ್ತದೆ. ಫ್ಲೋರೋಯುರಾಸಿಲ್ ಎಂಬ ಇನ್ನೊಂದು ಕ್ಯಾನ್ಸರ್ ಔಷಧ ಕೊಟ್ಟರೆ ನರಮಂಡಲಕ್ಕೆ ಏಟು. ನಾವು ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್ ಕೂಡ ಬೆಕ್ಕಿಗೆ ವಿಷ, ಅದನ್ನು ಕರಗಿಸಿ ಹೊರಹಾಕುವ ಯಕೃತ್ತಿನ ಒಂದು ಜೀನ್ ಅದರಲ್ಲಿ ಕೆಟ್ಟುಹೋಗಿದೆ. ಗಡ್ಡೆ ಬೆಕ್ಕಿನದಾದರೂ ಯಕೃತ್ತು, ಶ್ವಾಸಕೋಶ ಇಲಿಯದೇ. ಈ ಇಲಿ ಗಡ್ಡೆಯ ಬಗ್ಗೆ ಹೇಳುತ್ತದೆ, ಬೆಕ್ಕಿನ ಬಗ್ಗೆ ಹೇಳಲ್ಲ.

ಆದ್ದರಿಂದ ತಾನಾಗಿ ಕಾಯಿಲೆ ಬಂದ, ಮಾಲೀಕರು ಚಿಕಿತ್ಸೆಗೆ ಕರೆತಂದ ಬೆಕ್ಕುಗಳ ದಾಖಲೆಗೆ ಯಾವ ಬಾಟಲಿಯೂ ಸಾಟಿಯಲ್ಲ. ‘ಒಂದು ಸಲ ಮರಿ ಹಾಕಲಿ, ಆಮೇಲೆ ಸಂತಾನಹರಣ ಮಾಡಿಸೋಣ’ ಅನ್ನುವ ಮಾತು ಕೇಳಿರಬಹುದು. 2005ರಲ್ಲಿ ಪ್ರಕಟವಾದ ಒಂದು ಅಧ್ಯಯನ ಕಾಯಿಲೆ ಬಂದ ಬೆಕ್ಕುಗಳನ್ನೂ ಬಾರದವನ್ನೂ ಹೋಲಿಸಿ ನೋಡಿತು. ಮರಿ ಹಾಕಿದ್ದರಿಂದ ಯಾವ ರಕ್ಷಣೆಯೂ ಕಾಣಲಿಲ್ಲ. 6 ತಿಂಗಳೊಳಗೆ ಆಪರೇಷನ್ ಆಗಿದ್ದವುಗಳಲ್ಲಿ ಅಪಾಯ ಶೇ. 91ರಷ್ಟು ಕಡಿಮೆ, ಒಂದು ವರ್ಷದೊಳಗೆ ಆಗಿದ್ದರೆ ಶೇ. 86. ಎರಡು ವರ್ಷ ಕಳೆದ ಮೇಲೆ ಮಾಡಿಸಿದವುಗಳಲ್ಲಿ ಈ ಲಾಭ ಕಾಣಿಸಲಿಲ್ಲ.