ಬಣ್ಣ ಹೋಯ್ತಾ, ಇಲ್ಲ ಬಚ್ಚಿಟ್ಕೊಂಡಿದ್ಯಾ?

ಡೈ ಬೆರೆತ ನೀರಿನ ಬಣ್ಣನ ಬೂದಿಯಿಂದ ತೆಗೆಯೋ ಪ್ರಾಜೆಕ್ಟ್ ಮಾಡೋಕೆ ನಮ್ ಲ್ಯಾಬಿಗೆ ಬಂದಿದ್ದ ಹುಡುಗನೊಬ್ಬ ಒಂದಿನ ಎರಡು ಬಾಟಲಿ ತಂದು ಮೇಜಿನ ಮೇಲಿಟ್ಟ. ಒಂದ್ರಲ್ಲಿ ಕಡು ನೇರಳೆ ನೀರು, ಕ್ರಿಸ್ಟಲ್ ವಯೊಲೆಟ್ ಡೈ ಕರಗಿಸಿದ್ದು. ಇನ್ನೊಂದ್ರಲ್ಲಿ ಅದೇ ನೀರಿಗೆ ಸೌದೆ ಬೂದಿ ಹಾಕಿ ಅಲ್ಲಾಡಿಸಿ ಸೋಸಿದ್ದು, ಗಾಜಿನಷ್ಟು ತಿಳಿ. "ಪೂರ್ತಿ ಹೋಯ್ತು ಸಾರ್" ಅಂದ. ನಾನು ಏನೂ ಹೇಳ್ದೆ ತಿಳಿನೀರಿಗೆ ನಾಲ್ಕು ಹನಿ ಡೈಲ್ಯೂಟ್ ಅಸಿಟಿಕ್ ಆಸಿಡ್ ಬಿಟ್ಟು ಪಕ್ಕಕ್ಕಿಟ್ಟೆ. ಬೇರೆ ಏನೋ ಮಾತಾಡ್ತಾ ಇದ್ವಿ, ಅಷ್ಟರಲ್ಲಿ ನೇರಳೆ ಮೆಲ್ಲಗೆ ವಾಪಸ್ ಬಂತು. ಮೊದಲಿನಷ್ಟು ಕಡು ಅಲ್ಲ, ಆದ್ರೆ ಅವನ ಮುಖ ಸಪ್ಪಗಾಗೋಕೆ ಅಷ್ಟು ಸಾಕಾಯ್ತು.

ಆಗಿದ್ದು ಇಷ್ಟೇ. ಸೌದೆ ಬೂದಿಲಿ ಪೊಟ್ಯಾಸಿಯಂ ಕಾರ್ಬೊನೇಟು, ಸುಣ್ಣದ ಅಂಶ ಎರಡೂ ಜಾಸ್ತಿ, ನೀರಿಗೆ ಬಿದ್ದ ಕೂಡ್ಲೆ ಪಿಹೆಚ್ (ಹುಳಿ-ಕ್ಷಾರದ ಅಳತೆ, 7ಕ್ಕಿಂತ ಮೇಲೆ ಹೋದಷ್ಟೂ ಕ್ಷಾರ ಜಾಸ್ತಿ) 11 ದಾಟೋದು ಮಾಮೂಲಿ. ಕ್ರಿಸ್ಟಲ್ ವಯೊಲೆಟ್ ಅಷ್ಟು ಕ್ಷಾರದಲ್ಲಿ ಬಣ್ಣವೇ ಇಲ್ಲದ ಇನ್ನೊಂದು ರೂಪಕ್ಕೆ ತಿರುಗುತ್ತೆ, ಮಲಕೈಟ್ ಗ್ರೀನ್ ಅನ್ನೋ ಡೈ ಕೂಡ ಇದೇ ಜಾತಿ. ಡೈ ನೀರಲ್ಲೇ ಇದೆ, ವೇಷ ಬದಲಾಯಿಸಿದೆ, ಬಣ್ಣ ಅಳೆಯೋ ಕಲರಿಮೀಟರ್‌ಗೆ ಮಾತ್ರ ಅದು ಕಾಣಲ್ಲ. ಅದಕ್ಕೇ ನಾನು ಯಾರೇ ಬೂದಿ ತಂದ್ರೂ ಮೊದಲು ಮಾಡ್ಸೋ ಕೆಲಸ ಒಂದೇ: ಬೂದಿನ ಬರೀ ನೀರಲ್ಲಿ ಅಲ್ಲಾಡಿಸಿ, ಬೂದಿ ಪೂರ್ತಿ ತೆಗೆದು, ಉಳಿದ ನೀರಿಗೆ ಡೈ ಹಾಕಿ, ನಿಜವಾದ ಟೆಸ್ಟಿಗೆ ಎಷ್ಟು ಹೊತ್ತು ಕೊಡ್ತೀರೋ ಅಷ್ಟೇ ಹೊತ್ತು ಬಿಡಿ. ಬೂದಿಯೇ ಇಲ್ಲದ ಆ ನೀರಲ್ಲೂ ಬಣ್ಣ ಇಳಿದ್ರೆ ನೀವು ನೋಡ್ತಿರೋದು ಅಡ್ಸಾರ್ಪ್ಶನ್ ಅಲ್ಲ, ಕ್ಷಾರದ ಆಟ.

ಅಡ್ಸಾರ್ಪ್ಶನ್ ಅಂದ್ರೆ ಡೈ ಕಣಗಳು ಬೂದಿ ಕಣದ ಮೇಲ್ಮೈಗೆ, ಒಳಗಿನ ಸಣ್ಣ ಸಣ್ಣ ರಂಧ್ರಗಳ ಗೋಡೆಗೆ ಹೋಗಿ ಅಂಟಿಕೊಳ್ಳೋದು. ಬೂದಿ ಮುಚ್ಚಿದ ಕೆಂಡ ಅಂತೀವಲ್ಲ, ಇಲ್ಲಿ ಬಹುಪಾಲು ಕೆಲಸ ಮಾಡೋದು ಆ ಕೆಂಡವೇ, ಆರಿದ ಕೆಂಡ, ಅಂದ್ರೆ ಪೂರ್ತಿ ಸುಡದೆ ಉಳಿದ ಕರಿ ಇಂಗಾಲ. ಬೂದಿ ಬೆಳ್ಳಗಿದ್ದಷ್ಟು ಶುದ್ಧ, ಒಳ್ಳೇದು ಅಂತ ಜನ ಆರಿಸಿ ತರ್ತಾರೆ, ಬಣ್ಣ ತೆಗೆಯೋಕೆ ಸಾಮಾನ್ಯವಾಗಿ ಉಲ್ಟಾ, ಕಪ್ಪು ಚೂರು ಕಾಣೋ ಬೂದಿನೇ ವಾಸಿ. ರಂಧ್ರ ಜಾಸ್ತಿ ಆಗೋ ಹಾಗೆ ತಯಾರಿಸಿದ ಇದ್ದಿಲು, ಅಂದ್ರೆ ಆಕ್ಟಿವೇಟೆಡ್ ಕಾರ್ಬನ್, ಒಂದು ಗ್ರಾಂ ತಗೊಂಡ್ರೆ ಅದರ ಒಳಮೈ ಸಾಮಾನ್ಯವಾಗಿ 500ರಿಂದ 1500 ಚದರ ಮೀಟರ್ ಇರುತ್ತೆ, ಮಾಮೂಲಿ ಬೂದಿ ಆ ಹತ್ರಕ್ಕೂ ಬರಲ್ಲ, ಅದು ಗೊತ್ತಿದ್ದೇ ಇಳಿಬೇಕು.

ಭತ್ತದ ಹೊಟ್ಟಿನ ಬೂದಿ ಸ್ವಲ್ಪ ಬೇರೆ. ಚೆನ್ನಾಗಿ ಸುಟ್ಟಿದ್ರೆ ಅದರಲ್ಲಿ 85ರಿಂದ 95 ಪರ್ಸೆಂಟ್ ಸಿಲಿಕಾ, ಮರಳಲ್ಲಿರೋ ವಸ್ತುವೇ. ಸಿಲಿಕಾ ಮೇಲ್ಮೈ ನೀರಲ್ಲಿ ಋಣ ಚಾರ್ಜ್ ಹಿಡಿಯುತ್ತೆ, ಮೆಥಿಲೀನ್ ಬ್ಲೂ ಧನ ಚಾರ್ಜ್ ಇರೋ ಡೈ, ಹಾಗಾಗಿ ಎರಡೂ ಚೆನ್ನಾಗಿ ಹೊಂದ್ಕೊಳ್ಳುತ್ತೆ. ಆದ್ರೆ ಉರಿ ತುಂಬಾ ಜೋರಾಗಿದ್ರೆ ಆ ಸಿಲಿಕಾ ಹರಳುಗಟ್ಟಿ ರಂಧ್ರಗಳು ಮುಚ್ಚಿ ಹೋಗುತ್ತೆ, ಆಮೇಲೆ ಅದು ಮರಳಿದ್ದ ಹಾಗೆ.

ಮೆಥಿಲೀನ್ ಬ್ಲೂ ಹೋಯ್ತು ಅಂತ ಎಲ್ಲ ಡೈ ಹೋಗುತ್ತೆ ಅಂದ್ಕೋಬೇಡಿ. 1876ರಲ್ಲಿ ಜರ್ಮನಿಯ ಕೆಮಿಸ್ಟ್ ಹೈನ್ರಿಕ್ ಕಾರೋ ತಯಾರಿಸಿದ ಈ ನೀಲಿ, ಬೂದಿ ಪ್ರಯೋಗ ಮಾಡೋರಿಗೆಲ್ಲ ಅಚ್ಚುಮೆಚ್ಚು, ಯಾಕಂದ್ರೆ ಅದು ಸಿಕ್ಕಿದ್ದಕ್ಕೆಲ್ಲ ಅಂಟುತ್ತೆ, ಫಿಲ್ಟರ್ ಪೇಪರಿಗೂ ಅಂಟುತ್ತೆ! (ಸೋಸೋ ಬದಲು ಸೆಂಟ್ರಿಫ್ಯೂಜ್ ಮಾಡಿ, ಅಂದ್ರೆ ಜೋರಾಗಿ ತಿರುಗಿಸಿ ಬೂದಿನ ತಳಕ್ಕೆ ಇಳಿಸಿ ಅಂತ ನಾನು ಬಡ್ಕೊಳ್ಳೋದು ಇದಕ್ಕೇ.) ಹತ್ತಿ ಬಟ್ಟೆಗೆ ಹಾಕೋ ರಿಯಾಕ್ಟಿವ್ ಡೈಗಳು ಋಣ ಚಾರ್ಜಿನವು, ಕ್ಷಾರ ತುಂಬಿದ ಬೂದಿ ನೀರಲ್ಲಿ ಅವು ಬೂದಿಯಿಂದ ದೂರ ನಿಲ್ತವೆ. ಪಿಹೆಚ್ ಇಳಿಸಿದ್ರೆ ಹತ್ರ ಬರ್ತವೆ, ಸರಿ, ಆದ್ರೆ ಬೂದಿಯ ಕ್ಷಾರ ಕೊಲ್ಲೋಕೆ ಎಷ್ಟು ಆಸಿಡ್ ಸುರೀತೀರಾ? ಬಿಟ್ಟಿ ಬೂದಿ ಅಲ್ಲಿಗೆ ಬಿಟ್ಟಿ ಅಲ್ಲ. ಜೊತೆಗೆ ಬಟ್ಟೆಗೆ ಬಣ್ಣ ಹಾಕೋ ಡೈಹೌಸಿಂದ ಬರೋ ನೀರಲ್ಲಿ ಉಪ್ಪು, ಸೋಪು, ಇನ್ನೂ ಏನೇನೋ ಇರುತ್ತೆ, ಎಲ್ಲವೂ ಅದೇ ಜಾಗಕ್ಕೆ ಪೈಪೋಟಿ.

ಈಗ ಲೆಕ್ಕ, ಯಾಕಂದ್ರೆ ಪರ್ಸೆಂಟ್ ತೋರ್ಸಿ ಮರುಳು ಮಾಡೋದು ಬಹಳ ಸುಲಭ. ಲೀಟರಿಗೆ 50 ಮಿಲಿಗ್ರಾಂ ಡೈ ಇರೋ ನೀರು 100 ಎಂಎಲ್ ತಗೊಳ್ಳಿ, ಅಂದ್ರೆ ಒಟ್ಟು 5 ಮಿಲಿಗ್ರಾಂ ಡೈ. ಅರ್ಧ ಗ್ರಾಂ ಬೂದಿ ಹಾಕಿದ್ರಿ, ಲೀಟರಿಗೆ 5 ಮಿಲಿಗ್ರಾಂಗೆ ಇಳೀತು ಅನ್ಕೊಳ್ಳಿ, ರಿಮೂವಲ್, ಅಂದ್ರೆ ನೀರಿಂದ ಹೋದ ಡೈ, 90 ಪರ್ಸೆಂಟ್, ಗ್ರಾಂ ಬೂದಿಗೆ ಹಿಡಿದಿದ್ದು 9 ಮಿಲಿಗ್ರಾಂ. ಅದೇ ಬೂದಿ 0.1 ಗ್ರಾಂ ಮಾತ್ರ ಹಾಕಿದಾಗ 30ಕ್ಕೆ ಇಳೀತು ಅಂದ್ರೆ ರಿಮೂವಲ್ ಬರೀ 40, ಆದ್ರೆ ಗ್ರಾಂಗೆ ಹಿಡಿದಿದ್ದು 20. ಬೂದಿ ಅದೇ, ನಂಬರ್ ಬೇರೆ. ಯಾರಾದ್ರೂ ಪರ್ಸೆಂಟ್ ಒಂದೇ ಹೇಳಿದ್ರೆ "ಎಷ್ಟು ಬೂದಿ ಸುರಿದ್ರಿ" ಅಂತ ಕೇಳಿ. ಮೇಲ್ಮೈಗೆ ಎಷ್ಟು ಅಂಟುತ್ತೆ ಅಂತ ಲೆಕ್ಕ ಹಾಕೋಕೆ ಲ್ಯಾಂಗ್‌ಮ್ಯೂರ್ ಅನ್ನೋ ವಿಜ್ಞಾನಿ 1918ರಲ್ಲಿ ಕೊಟ್ಟ ಸಮೀಕರಣಕ್ಕೆ ಗ್ರಾಫ್ ಕೂರಿಸೋದು ಇದಾದ ಮೇಲಿನ ಮಾತು. ಬ್ಲ್ಯಾಂಕೇ, ಅಂದ್ರೆ ಮೊದಲು ಹೇಳಿದ ಬೂದಿ ತೆಗೆದ ನೀರಿನ ಟೆಸ್ಟೇ ಮಾಡದೆ ಗ್ರಾಫ್ ಮಾತ್ರ ಚೆಂದ ಮಾಡ್ಕೊಂಡು ಬರೋರನ್ನ ಕಂಡ್ರೆ ನಂಗೆ ಸಿಟ್ಟು ಬರುತ್ತೆ.

ಮಾಡೋ ರೀತಿ ದೊಡ್ಡ ವಿದ್ಯೆ ಏನಲ್ಲ. ಬಣ್ಣ ಬಳಿದ, ಔಷಧಿ ಹಾಕಿದ ಮರದ ಬೂದಿ ಮುಟ್ಟಬೇಡಿ, ಅದರಲ್ಲಿ ಕ್ರೋಮಿಯಂ, ಆರ್ಸೆನಿಕ್ ಇರಬೋದು. ಜರಡಿ ಹಿಡಿದು, ತೊಳೆದ ನೀರಿನ ಪಿಹೆಚ್ ಇನ್ನು ಇಳಿಯಲ್ಲ ಅನ್ನೋವರೆಗೂ ತೊಳೀರಿ, ಗ್ಲೌಸ್ ಇರಲಿ, ಮೊದಲ ತೊಳೆದ ನೀರು ಕೈ ಸುಡುತ್ತೆ. 105 ಡಿಗ್ರಿಲಿ ಒಣಗಿಸಿ. ತೊಳೆದ ಬೂದಿ ಕಡಿಮೆ ಬಣ್ಣ ತೆಗೀತು ಅಂತ ಬೇಜಾರಾಗಬೇಡಿ, ಅದೇ ಅದರ ನಿಜವಾದ ಶಕ್ತಿ. ನಮ್ ಹುಡುಗನಿಗೂ ಹಾಗೇ ಆಯ್ತು, ಎರಡನೇ ಸಲ ಬಾಟಲಿ ತಿಳಿಯಾಗಿರಲಿಲ್ಲ, ತೆಳು ನೇರಳೆ ಇತ್ತು, ಆದ್ರೆ ಆಸಿಡ್ ಬಿಟ್ರೂ ಅಷ್ಟೇ ಇತ್ತು.

ಇನ್ನು ಬಳಸಿದ ಬೂದಿ. ಮೇಲಿನ ಲೆಕ್ಕದಲ್ಲೇ ಹೋದ್ರೆ 1000 ಲೀಟರ್ ನೀರಿಗೆ 5 ಕೆಜಿ ಬೂದಿ ಬೇಕು, ಕೊನೆಗೆ ಕೈಲಿ ಉಳಿಯೋದು ನೀರು ಕುಡಿದು ಭಾರವಾದ ಬಣ್ಣದ ಕೆಸರು. ನೀರಿಂದ ತೆಗೆದ ಡೈ ಎಲ್ಲ ಅದರಲ್ಲೇ ಕೂತಿದೆ, ನಾಶ ಆಗಿಲ್ಲ. ಅದನ್ನ ಮೂಲೆಲಿ ಗುಡ್ಡೆ ಹಾಕಿ ಮಳೆಗೆ ಬಿಟ್ರೆ ಬಣ್ಣ ಮತ್ತೆ ನೀರಿಗೇ ಇಳಿಯೋಕೆ ಶುರು. ನಾನು ಅದಕ್ಕೆ ಬಳಸಿದ ಬೂದಿನ ಮೂರು ಬೀಕರಿಗೆ ಹಂಚಿಸ್ತೀನಿ, ಒಂದಕ್ಕೆ ಬರೀ ನೀರು, ಒಂದಕ್ಕೆ ಉಪ್ಪು ನೀರು, ಒಂದಕ್ಕೆ ಸ್ವಲ್ಪ ಹುಳಿ ಮಾಡಿದ ನೀರು, ರಾತ್ರಿ ಪೂರ್ತಿ ಹಾಗೇ ಬಿಟ್ಟು ಬೆಳಿಗ್ಗೆ ನೋಡೋದು. ಯಾವ ಬೀಕರ್ ಬಣ್ಣ ಬಿಟ್ಟಿದೆ ಅನ್ನೋದು ಗೊತ್ತಾದ ಮೇಲೇ ಆ ಕೆಸರು ಎಲ್ಲಿಗೆ ಹೋಗ್ಬೇಕು ಅನ್ನೋ ಮಾತು.